ಚಟ್ನಿಪುಡಿಯ ಪೊಟ್ಟಣಕ್ಕೆ ಬಾರ್‌ಕೋಡ್: ಜಿಎಸ್‌1 ಇಂಡಿಯಾ ನೋಂದಣಿ ಮತ್ತು ಅದರ ಬಳಕೆ

ವಿಜಯಪುರ ಜಿಲ್ಲೆಯ ನಮ್ಮ ಸಣ್ಣ ಘಟಕದಲ್ಲಿ ಶೇಂಗಾ, ಅಗಸಿ, ಗುರೆಳ್ಳು ಮತ್ತು ಪುಠಾಣಿ ಎಂಬ ನಾಲ್ಕು ಬಗೆಯ ಚಟ್ನಿಪುಡಿ ತಯಾರಾಗುತ್ತದೆ. ಊರಿನ ಹೆಣ್ಣುಮಕ್ಕಳು ಕುಟ್ಟಿ, ತೂಗಿ, ಪೊಟ್ಟಣ ಕಟ್ಟುತ್ತಾರೆ. ಲೆಕ್ಕಪತ್ರ ಮತ್ತು ಪರವಾನಗಿಗಳ ಕೆಲಸ ನನ್ನದು. ಸಂತೆಯಲ್ಲೂ ಕಿರಾಣಿ ಅಂಗಡಿಗಳಲ್ಲೂ ಮಾರುತ್ತಿದ್ದಷ್ಟು ಕಾಲ ಬಾರ್‌ಕೋಡ್ ಬೇಕಾಗಲಿಲ್ಲ. ಚಟ್ನಿಪುಡಿಯಂತಹ ಸರಕಿಗೆ ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆ ಕಡ್ಡಾಯವೇ ಹೊರತು ಬಾರ್‌ಕೋಡ್ ಕಡ್ಡಾಯವಲ್ಲ. ಆದರೆ ನಗರದ ಸೂಪರ್‌ಮಾರ್ಕೆಟ್ ಒಂದು ನಮ್ಮ ಮಾಲನ್ನು ಇಟ್ಟುಕೊಳ್ಳಲು ಒಪ್ಪಿದಾಗ ಕೇಳಿದ ಮೊದಲ ಪ್ರಶ್ನೆಯೇ ಅದರದ್ದಾಗಿತ್ತು.

ಆಗ ಅವಸರಪಟ್ಟು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಅಂತರ್ಜಾಲದಲ್ಲಿ ಬಿಡಿ ಬಾರ್‌ಕೋಡ್‌ಗಳನ್ನು ಅಗ್ಗದ ದರಕ್ಕೆ ಮಾರುವ ಒಬ್ಬರಿಂದ ನಾಲ್ಕು ಸಂಖ್ಯೆ ಕೊಂಡೆ. ಹಣ ಕಟ್ಟಿದ ಅರ್ಧ ಗಂಟೆಯಲ್ಲಿ ಚಿತ್ರಗಳು ಮಿಂಚಂಚೆಗೆ ಬಂದವು, ನಾವು ಅಂಟುಚೀಟಿಗಳನ್ನೂ ಮುದ್ರಿಸಿಬಿಟ್ಟೆವು. ಸೂಪರ್‌ಮಾರ್ಕೆಟಿನವರು ಸರಕನ್ನು ತಮ್ಮ ಕಂಪ್ಯೂಟರಿಗೆ ಸೇರಿಸುವಾಗ ಆ ಸಂಖ್ಯೆಗಳಲ್ಲಿ ಒಂದು ಆಗಲೇ ಬೇರೊಂದು ಸಾಮಾನಿನ ಹೆಸರಿನಲ್ಲಿ ಇರುವುದು ಕಂಡುಬಂತು. ಉಳಿದ ಮೂರನ್ನು ಹುಡುಕಿದರೆ ಒಡೆತನದ ಜಾಗದಲ್ಲಿ ನಾವು ಕೇಳಿಯೇ ಇಲ್ಲದ ವಿದೇಶಿ ಕಂಪನಿಯ ಹೆಸರು ಬಂತು. ಹೀಗೆ ಮಾರಾಟವಾಗುವ ಸಂಖ್ಯೆಗಳಲ್ಲಿ ಹಲವು, ದಶಕಗಳ ಹಿಂದೆ ಅಮೆರಿಕದ ಕಂಪನಿಗಳಿಗೆ ಕೊಟ್ಟಿದ್ದ ಸರಣಿಗಳಿಂದ ಕಳಚಿ ತಂದವು ಎಂದು ಆಮೇಲೆ ತಿಳಿಯಿತು. ಎರಡು ಸಾವಿರ ಅಂಟುಚೀಟಿಗಳು ಹಾಳಾದವು.

ಗೆರೆಗಳ ಚಿತ್ರವನ್ನು ಯಾವ ತಂತ್ರಾಂಶವಾದರೂ ಬಿಡಿಸಿಕೊಡುತ್ತದೆ. ಹಣ ಕೊಟ್ಟು ಪಡೆಯಬೇಕಾದದ್ದು ಅದರ ಕೆಳಗಿನ ಸಂಖ್ಯೆ, ಅದೂ ನಮ್ಮ ಹೆಸರಿನಲ್ಲಿ ದಾಖಲಾದ ಸಂಖ್ಯೆ. ಭಾರತದಲ್ಲಿ ಅದನ್ನು ನೀಡುವುದು ದೆಹಲಿಯಲ್ಲಿರುವ ಜಿಎಸ್‌1 ಇಂಡಿಯಾ. ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯವು ಉದ್ಯಮ ಒಕ್ಕೂಟಗಳ ಜೊತೆ ಸೇರಿ ಸ್ಥಾಪಿಸಿದ ಈ ಸಂಸ್ಥೆ ಕೊಡುವ ಸಂಖ್ಯೆಗಳೆಲ್ಲ 890 ಎಂದು ಆರಂಭವಾಗುತ್ತವೆ. 890 ಇದ್ದರೆ ಸರಕು ಭಾರತದಲ್ಲೇ ತಯಾರಾದದ್ದು ಎಂಬ ನಂಬಿಕೆ ಗಿರಾಕಿಗಳಲ್ಲಿ ವ್ಯಾಪಕವಾಗಿದೆ, ಅದು ಸರಿಯಲ್ಲ. ಸಂಖ್ಯೆ ಪಡೆದ ಕಂಪನಿ ಇಲ್ಲಿ ನೋಂದಾಯಿಸಿಕೊಂಡಿದೆ ಎಂಬುದಷ್ಟೇ ಅದರ ಅರ್ಥ.

ನೋಂದಣಿಗೆ ಪ್ಯಾನ್, ಜಿಎಸ್‌ಟಿ ದಾಖಲೆ, ವಹಿವಾಟಿನ ಲೆಕ್ಕಪತ್ರ ಮುಂತಾದವನ್ನು ಅವರ ಜಾಲತಾಣದಲ್ಲಿ ಏರಿಸಬೇಕು. ಒಮ್ಮೆ ಮಾತ್ರ ಕಟ್ಟುವ ನೋಂದಣಿ ಶುಲ್ಕದ ಜೊತೆಗೆ ಆಯ್ದ ಅವಧಿಯ ಚಂದಾ ಇರುತ್ತದೆ, ಮೊತ್ತ ವಾರ್ಷಿಕ ವಹಿವಾಟಿನ ಮೇಲೆ ನಿಲ್ಲುತ್ತದೆ. ನಮಗೆ ಒಂದು ವಾರದೊಳಗೆ ಸಂಖ್ಯೆ ದೊರೆಯಿತು. ನಾವು ಪಡೆದದ್ದು 100 ಸಂಖ್ಯೆಗಳ ಗುಚ್ಛ: 890 ಸೇರಿ ಮೊದಲ 10 ಅಂಕಿ ನಮ್ಮ ಘಟಕದ ಗುರುತು, ಮುಂದಿನ 2 ಅಂಕಿ 00ರಿಂದ 99ರವರೆಗೆ ನಾವೇ ಸರಕುಗಳಿಗೆ ಹಂಚುವಂಥವು, 13ನೆಯದು ತಾಳೆ ನೋಡುವ ಅಂಕಿ. ಈ ಕೊನೆಯ ಅಂಕಿಯ ಲೆಕ್ಕ ನನಗೆ ಬಹಳ ಇಷ್ಟವಾಯಿತು. ಎಡದಿಂದ ಬೆಸ ಸ್ಥಾನದ ಅಂಕಿಗಳನ್ನು ಕೂಡಿ, ಸಮ ಸ್ಥಾನದವುಗಳ ಮೊತ್ತವನ್ನು ಮೂರರಿಂದ ಗುಣಿಸಿ ಸೇರಿಸಿ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆ ಎಂದು ನೋಡಿದರೆ ಅದೇ ತಾಳೆ ಅಂಕಿ. 890123456789 ಎಂಬುದಕ್ಕೆ 28 ಮತ್ತು 102 ಸೇರಿ 130 ಬರುತ್ತದೆ, ಆದ್ದರಿಂದ ಅದರ ತಾಳೆ ಅಂಕಿ 0. ಒಂದು ಅಂಕಿ ತಪ್ಪಾಗಿ ಕೀಲಿಸಿದರೂ ಲೆಕ್ಕ ಕೂಡುವುದಿಲ್ಲ.

ನಾಲ್ಕು ಸರಕಿಗೆ ನಾಲ್ಕು ಸಂಖ್ಯೆ ಸಾಕೆಂದು ನಾವು ಎಣಿಸಿದ್ದೆವು. ಆದರೆ 100, 250 ಮತ್ತು 500 ಗ್ರಾಂ ಪೊಟ್ಟಣಗಳಿಗೆ ಬೇರೆ ಬೇರೆ ಸಂಖ್ಯೆ ಬೇಕು, ಏಕೆಂದರೆ ಗೆರೆಗಳ ಒಳಗೆ ಬೆಲೆಯೂ ಇಲ್ಲ, ತೂಕವೂ ಇಲ್ಲ, ತಯಾರಿಕೆಯ ದಿನಾಂಕವೂ ಇಲ್ಲ. ಸಂಖ್ಯೆಯನ್ನು ಓದಿದ ಅಂಗಡಿಯ ಕಂಪ್ಯೂಟರು ತನ್ನ ಪಟ್ಟಿಯಿಂದ ಹೆಸರು ಮತ್ತು ಬೆಲೆಯನ್ನು ಎತ್ತಿಕೊಳ್ಳುತ್ತದೆ. ಹೀಗೆ ನಾಲ್ಕು ಹನ್ನೆರಡಾಯಿತು. ಯಾವ ಸಂಖ್ಯೆ ಯಾವ ಪೊಟ್ಟಣಕ್ಕೆ ಎಂಬ ಪುಸ್ತಕವನ್ನು ನಾನು ಮೊದಲ ದಿನದಿಂದಲೇ ಬರೆದಿಟ್ಟಿದ್ದೇನೆ. ಮಾರಾಟ ನಿಲ್ಲಿಸಿದ ಸರಕಿನ ಸಂಖ್ಯೆಯನ್ನು ಹೊಸದಕ್ಕೆ ಕೊಡುವಂತಿಲ್ಲವಾದ್ದರಿಂದ ಆ ಪುಸ್ತಕವನ್ನು ಜೋಪಾನ ಮಾಡುವುದು ಅಗತ್ಯ.

ಸಂಖ್ಯೆ ಕೈಗೆ ಬಂದ ಮೇಲೆ ನಿಜವಾದ ಕಷ್ಟ ಎದುರಾದದ್ದು ಮುದ್ರಣದಲ್ಲಿ. ನಮ್ಮ ಪೊಟ್ಟಣದ ಬಣ್ಣಕ್ಕೆ ಹೊಂದಲೆಂದು ಮುದ್ರಣಾಲಯದವರು ಗೆರೆಗಳನ್ನು ಒಣಮೆಣಸಿನಕಾಯಿಯ ಕೆಂಪಿನಲ್ಲಿ ಹಾಕಿದರು. ನೋಡಲು ಸೊಗಸಾಗಿತ್ತು, ಆದರೆ ಒಂದೂ ಓದಿಸಿಕೊಳ್ಳಲಿಲ್ಲ. ಅಂಗಡಿಗಳ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಕೆಂಪು ಬೆಳಕನ್ನು ಬಳಸುವುದರಿಂದ ಕೆಂಪು ಗೆರೆಯೂ ಬಿಳಿಯ ನೆಲವೂ ಅವಕ್ಕೆ ಒಂದೇ ಆಗಿ ಕಾಣುತ್ತವೆ. ಕಪ್ಪು, ಕಡುನೀಲಿ, ಕಡುಹಸಿರು ಗೆರೆಗಳು ನಡೆಯುತ್ತವೆ. ಬಿಳಿಯ ನೆಲದ ಮೇಲೆ ಕಪ್ಪು ಗೆರೆಯಷ್ಟು ನಂಬಿಕೆಯದು ಬೇರೊಂದಿಲ್ಲ. ಎರಡನೆಯ ಸಲ ಬಣ್ಣ ಸರಿಯಾಯಿತು, ಆದರೆ 100 ಗ್ರಾಂ ಪೊಟ್ಟಣದಲ್ಲಿ ಜಾಗ ಸಾಲದೆಂದು ಸಂಕೇತವನ್ನು ತೀರಾ ಕುಗ್ಗಿಸಿ, ಅದರ ಅಂಚಿಗೇ ವಿಳಾಸವನ್ನು ತಾಗಿಸಿದ್ದರು. ಪ್ರಮಾಣಿತ ಗಾತ್ರ ಎರಡೂ ಬದಿಯ ಖಾಲಿ ಜಾಗ ಸೇರಿ ಸುಮಾರು 37 ಮಿಲಿಮೀಟರ್ ಅಗಲ, 26 ಮಿಲಿಮೀಟರ್ ಎತ್ತರ. ಶೇಕಡ 80ಕ್ಕಿಂತ ಕಡಿಮೆ ಮಾಡಬಾರದು, ಅಂದರೆ ಅಗಲ ಸುಮಾರು 30 ಮಿಲಿಮೀಟರಿಗೆ ಇಳಿಯಬಹುದು, ಅದಕ್ಕೂ ಕೆಳಗಿಲ್ಲ. ಬದಿಯ ಖಾಲಿ ಜಾಗವನ್ನು ವ್ಯರ್ಥವೆಂದು ಭಾವಿಸುವುದು ದೊಡ್ಡ ತಪ್ಪು, ಗೆರೆಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿದವೆಂದು ಸ್ಕ್ಯಾನರಿಗೆ ತಿಳಿಯುವುದು ಅದರಿಂದಲೇ. ಇನ್ನು ಚಟ್ನಿಪುಡಿಯ ಎಣ್ಣೆ ಮತ್ತು ಪೊಟ್ಟಣದ ಸುಕ್ಕು ನಮ್ಮದೇ ಸಮಸ್ಯೆ; ಸಂಕೇತವನ್ನು ಮಡಿಕೆ ಬೀಳುವ ಕೆಳಭಾಗದಿಂದ ಹಿಂಬದಿಯ ಸಮತಟ್ಟು ಜಾಗಕ್ಕೆ ಏರಿಸಿದ ಮೇಲೆ ಅದು ನಿವಾರಣೆಯಾಯಿತು. ಗುಂಡನೆಯ ಸಣ್ಣ ಡಬ್ಬಿಗಳಿಗಾದರೆ ಗೆರೆಗಳನ್ನು ಏಣಿಯ ಮೆಟ್ಟಿಲಿನಂತೆ ಅಡ್ಡಲಾಗಿ ಹಾಕಬೇಕು, ಇಲ್ಲವಾದರೆ ಕೊನೆಯ ಗೆರೆಗಳು ಬಾಗಿನ ಹಿಂದೆ ಮರೆಯಾಗುತ್ತವೆ.

ಈ ಸೇವೆಯ ಬಗ್ಗೆ ನನ್ನ ಅಭಿಪ್ರಾಯ ಒಟ್ಟಾರೆ ಒಳ್ಳೆಯದೇ. ಈಗ ಯಾವ ಅಂಗಡಿಯವರು ಸಂಖ್ಯೆಯನ್ನು ಹುಡುಕಿದರೂ ನಮ್ಮ ಘಟಕದ ಹೆಸರೇ ಬರುತ್ತದೆ, ಸರಕಿನ ವಿವರ ಮತ್ತು ಚಿತ್ರಗಳನ್ನು ಡೇಟಾಕಾರ್ಟ್ ಎಂಬ ಅವರ ಕೋಶದಲ್ಲಿ ನಾವೇ ತುಂಬಿಸಬಹುದು. ಹನ್ನೆರಡು ಸಂಖ್ಯೆ ಬೇಕಾದವರು 100ರ ಗುಚ್ಛ ಕೊಳ್ಳುವುದು ಸಣ್ಣ ಗುಂಪುಗಳಿಗೆ ಭಾರವೇ. ಹತ್ತು ಅಥವಾ ಇಪ್ಪತ್ತರ ಗುಚ್ಛವೊಂದು ಹಗುರವಾದ ದರದಲ್ಲಿ ದೊರೆತರೆ ನಮ್ಮಂತಹ ಎಷ್ಟೋ ಸ್ವಸಹಾಯ ಸಂಘಗಳು ಬಿಡಿ ಮಾರಾಟಗಾರರ ಬಲೆಗೆ ಬೀಳುವುದು ತಪ್ಪುತ್ತದೆ ಎಂದು ನಾನು ನಂಬುತ್ತೇನೆ. ಸಂಖ್ಯೆ ಸ್ವಂತ ಆಸ್ತಿಯಲ್ಲ, ಚಂದಾ ನವೀಕರಿಸುತ್ತಿರಬೇಕು ಎಂಬುದನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಬಾರ್‌ಕೋಡ್ ವೆಚ್ಚದ ಒಂದು ಪಾಲನ್ನು ಹಿಂದಿರುಗಿಸುವ ಸೌಲಭ್ಯ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಯೋಜನೆಯಲ್ಲಿದೆ. ಹಣ ಕಟ್ಟುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗಿನ ನಿಯಮ ವಿಚಾರಿಸಿ, ರಸೀದಿಗಳನ್ನು ಜೋಪಾನವಾಗಿಡಿ.

ಅಂಗಡಿಗಳ ಸ್ಕ್ಯಾನರ್‌ಗಳು 2027ರ ಅಂತ್ಯದ ಹೊತ್ತಿಗೆ ಕ್ಯೂಆರ್‌ನಂತಹ ಚೌಕ ಸಂಕೇತಗಳನ್ನೂ ಓದುವಂತಾಗಬೇಕು ಎಂಬುದು ಜಿಎಸ್‌1ನ ಜಾಗತಿಕ ಗುರಿ. ಅದರಲ್ಲಿ ತಯಾರಿಕೆಯ ತಂಡದ (ಬ್ಯಾಚ್) ಸಂಖ್ಯೆ ಮತ್ತು ಬಳಸಬಹುದಾದ ಕೊನೆಯ ದಿನಾಂಕವೂ ಸೇರಬಹುದಾದ್ದರಿಂದ, ಎಣ್ಣೆ ಕಮಟುವ ನಮ್ಮ ಅಗಸಿ ಚಟ್ನಿಗೆ ಅದು ಬಹಳ ಉಪಯುಕ್ತ. ಮುಂದಿನ ಪೊಟ್ಟಣದ ವಿನ್ಯಾಸದಲ್ಲಿ ಗೆರೆಗಳ ಪಕ್ಕ ಅದಕ್ಕೊಂದು ಜಾಗ ಬಿಡಿಸಿದ್ದೇನೆ. ಈ ಸಲ ಹತ್ತು ಮಾದರಿಗಳನ್ನಷ್ಟೇ ಮುದ್ರಿಸಿ, ಮೂರು ಅಂಗಡಿಗಳ ಸ್ಕ್ಯಾನರ್‌ಗಳಲ್ಲಿ ಪರೀಕ್ಷಿಸಿದ ಮೇಲೆಯೇ ಉಳಿದವಕ್ಕೆ ಒಪ್ಪಿಗೆ ಕೊಡಲಿದ್ದೇನೆ.