ವಿಜಯಾ ಎಣ್ಣೆಯ ಆನ್‌ಲೈನ್ ಸೇವೆ: ಫಾರಂ ಚುರುಕು, ಲೇಬಲ್ ಮಸುಕು

ಅಮೆರಿಕದಲ್ಲಿ ಮಕ್ಕಳಿರುವ ಮೈಸೂರಿನ ಮನೆಗಳಲ್ಲಿ ‘ಮೆಡಿಕಲ್ ಮರಿಜುವಾನಾ ಕಾರ್ಡ್’ ಎನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಗಾಂಜಾವನ್ನು ಮದ್ದಾಗಿ ಕೊಳ್ಳಲು ರೋಗಿಗಳಿಗೆ ಅನುಮತಿ ಕೊಡುವ ಅದು ಅಲ್ಲಿನ ರಾಜ್ಯಗಳ ವ್ಯವಸ್ಥೆ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ಒಪ್ಪಿಗೆ ಕೊಟ್ಟರು. ಫ್ಲಾರಿಡಾದಲ್ಲಿ ಕ್ಯಾನ್ಸರ್, ಮೂರ್ಛೆರೋಗ, ಗ್ಲಾಕೋಮಾ, ಪಾರ್ಕಿನ್ಸನ್ ಎಂದು ಕಾಯಿಲೆಗಳ ಪಟ್ಟಿಯೇ ಇದೆ. ವೈದ್ಯರು ಪ್ರಮಾಣೀಕರಿಸಿದ ಮೇಲೆ 75 ಡಾಲರ್ ಕಟ್ಟಿ ಅರ್ಜಿ ಹಾಕಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು. ಅಲ್ಲಿಂದ ಬಂದವರ ಜೇಬಿನಲ್ಲಿರುವ ಆ ಕಾರ್ಡಿಗೆ ಇಲ್ಲಿ ಕಾಸಿನ ಬೆಲೆಯೂ ಇಲ್ಲ. ಅದನ್ನು ನಂಬಿ ಮದ್ದನ್ನು ವಿಮಾನದಲ್ಲಿ ತಂದರೆ ನೇರವಾಗಿ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಗೆ ಸಿಕ್ಕಿಬೀಳುತ್ತೀರಿ.

ನಮ್ಮಲ್ಲಿ ಕಾರ್ಡಿಲ್ಲ, ಕಾಯಿಲೆಗಳ ಸರ್ಕಾರಿ ಪಟ್ಟಿಯೂ ಇಲ್ಲ. ಇರುವುದು ಆಯುರ್ವೇದ ವೈದ್ಯರ ಚೀಟಿ. 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎನ್ನುವುದು ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿಯನ್ನು. ಅಂಟನ್ನು ಚರಸ್ ಎನ್ನುತ್ತದೆ. ತುದಿ ಸೇರದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ ಉಳಿಯುತ್ತವೆ. ಆಯುರ್ವೇದದಲ್ಲಿ ಈ ಎಲೆಯೇ ವಿಜಯಾ, ಅಂದರೆ ಭಂಗಿ. ಜಾತೀಫಲಾದಿ ಚೂರ್ಣ, ತ್ರೈಲೋಕ್ಯವಿಜಯಾ ವಟಿಗಳಲ್ಲಿ ಹಿಂದಿನಿಂದಲೂ ಇದು ಬಳಕೆಯಲ್ಲಿದೆ. ಈಗ ಇದೇ ಎಲೆಯ ಸಾರವನ್ನು ಎಣ್ಣೆಯಲ್ಲಿ ಬೆರೆಸಿ, ಲೈಸೆನ್ಸ್ ಪಡೆದ ಆಯುರ್ವೇದ ಔಷಧಿಯಾಗಿ ಮಾರುತ್ತಿದ್ದಾರೆ. 2020ರ ಆರಂಭದಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಇದಕ್ಕೆಂದೇ ಒಂದು ಕ್ಲಿನಿಕ್ ಶುರುವಾಯಿತು. ಆಮೇಲೆ ಬಂದವುಗಳಲ್ಲಿ ಹೆಚ್ಚಿನವು ಆನ್‌ಲೈನ್ ಸೇವೆಗಳು: ಫಾರಂ ತುಂಬಿ, ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ, ಚೀಟಿ ಬಂದ ಮೇಲೆ ಬಾಟಲಿ ಕೊರಿಯರ್‌ನಲ್ಲಿ ಮನೆಗೆ. ಮೈಸೂರು, ಮಂಡ್ಯಕ್ಕೆ ಪಾರ್ಸೆಲ್ ಕಳಿಸುವ ಅಂಥ ಒಂದು ಸೇವೆಯ ವಿಮರ್ಶೆ ಇದು. ಹೆಸರು ಬೇಡ, ಇದರ ಕುಂದುಕೊರತೆ ಬೇರೆ ಸೇವೆಗಳಲ್ಲೂ ಸಿಗುವಂಥವೇ.

ಫಾರಂ ಚೆನ್ನಾಗಿದೆ. ಆಧಾರ್, ವಯಸ್ಸು, ಕಾಯಿಲೆ, ಎಷ್ಟು ದಿನದಿಂದ, ಹಳೆಯ ಚೀಟಿಗಳ ಫೋಟೊ, ಇಷ್ಟೇ ಕೇಳುತ್ತಾರೆ. ಹತ್ತು ನಿಮಿಷದ ಕೆಲಸ. ಆದರೆ ಅವರು ಕೇಳದ ಎರಡನ್ನು ನೀವೇ ಸಿದ್ಧ ಮಾಡಿಟ್ಟುಕೊಳ್ಳಬೇಕು. ಒಂದು, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಅಥವಾ ಕಾಯಿಲೆ ಖಚಿತಪಡಿಸಿದ ವರದಿ. ಇನ್ನೊಂದು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಎನ್ನುವ ಪಟ್ಟಿ. ಎರಡನೆಯದು ಇಲ್ಲದೆ ಮಾತುಕತೆಗೆ ಕೂರಲೇಬೇಡಿ.

ಯಾಕೆಂದರೆ ಈ ಸೇವೆ ಎಡವುವುದು ಅಲ್ಲೇ. ವೈದ್ಯರು ನಿದ್ದೆ ಹೇಗಿದೆ, ನೋವು ಎಲ್ಲಿದೆ ಎಂದು ಸಾವಧಾನವಾಗಿ ಕೇಳುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಮಾತ್ರೆಗಳ ವಿಷಯ ನಾವಾಗಿ ಎತ್ತುವವರೆಗೂ ಬರುವುದಿಲ್ಲ. ವಿಜಯಾದಲ್ಲಿರುವ ಸಿಬಿಡಿ ಎಂಬ ಅಂಶ, ಬೇರೆ ಔಷಧಿಗಳನ್ನು ಕರಗಿಸುವ ಯಕೃತ್ತಿನ ಕಿಣ್ವಗಳನ್ನು ತಡೆಯುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಏರಿ ರಕ್ತಸ್ರಾವವಾಗಬಹುದು. ಮೂರ್ಛೆರೋಗಕ್ಕೆ ಕ್ಲೋಬಜಾಮ್ ನುಂಗುವವರಿಗೆ ವಿಪರೀತ ಮಂಪರು ಹತ್ತುತ್ತದೆ. ವಾಲ್ಪ್ರೊಯೇಟ್ ಜೊತೆ ಸೇರಿದರೆ ಲಿವರ್ ಕಿಣ್ವಗಳು ಏರುತ್ತವೆ. ಕಿಡ್ನಿ ಕಸಿಯಾಗಿ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರಂತೂ ತಮ್ಮ ಕಿಡ್ನಿ ವೈದ್ಯರನ್ನು ಕೇಳದೆ ಒಂದು ಹನಿಯನ್ನೂ ಮುಟ್ಟಬಾರದು. ಗರ್ಭಿಣಿಯರು, ಹಾಲೂಡಿಸುವವರು, ಸ್ವತಃ ಇಲ್ಲವೇ ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ಮನೋರೋಗ ಇದ್ದವರು, ಇತ್ತೀಚೆಗೆ ಹೃದಯಾಘಾತವಾದವರು ಕರೆ ಮಾಡುವುದೇ ಬೇಡ. ಇಷ್ಟನ್ನು ಫಾರಂನಲ್ಲೇ ಕೇಳಿ, ಅಂಥವರನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು.

ಮೊದಲ ಸಲ ಫೋನಿನಲ್ಲಿ ಮುಗಿಸುವುದಕ್ಕಿಂತ ವೈದ್ಯರ ಎದುರು ಕೂರುವುದೇ ಸರಿ. ಬಿಪಿ, ನಾಡಿ ನೋಡದೆ, ನಿಂತಾಗ ತಲೆ ಸುತ್ತುತ್ತದೆಯೇ ಎಂದು ಪರೀಕ್ಷಿಸದೆ 70 ದಾಟಿದವರಿಗೆ ಈ ಎಣ್ಣೆ ಬರೆಯುವುದು ಸಲ್ಲದು. ಮೈಸೂರಿನವರಿಗೆ ಆಯುರ್ವೇದ ವೈದ್ಯರಿಗೇನೂ ಬರವಿಲ್ಲ. ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಆಯುರ್ವೇದ ಕಾಲೇಜು 1908ರಿಂದ ಇದೆ. ವಿಜಯಾ ಬರೆಯುತ್ತಾರೋ ಬಿಡುತ್ತಾರೋ, ನಿಮ್ಮ ಕಾಯಿಲೆಗೆ ಅದು ಬೇಕೇ ಎಂಬ ಎರಡನೇ ಅಭಿಪ್ರಾಯವಾದರೂ ಸಿಗುತ್ತದೆ.

ಚೀಟಿಯಲ್ಲಿ ಇರಲೇಬೇಕಾದವು: ರೋಗಿಯ ಹೆಸರು ಮತ್ತು ವಯಸ್ಸು, ದಿನಾಂಕ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ, ಔಷಧಿಯ ಪೂರ್ತಿ ಹೆಸರು, ಎಷ್ಟು ಮಿಲೀ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ. ಈ ಸೇವೆಯಿಂದ ಬಂದ ಪಿಡಿಎಫ್‌ನಲ್ಲಿ ಸಹಿ, ನೋಂದಣಿ ಸಂಖ್ಯೆ ಎರಡೂ ಸ್ಪಷ್ಟವಾಗಿದ್ದವು, ಅದಕ್ಕೆ ಮೆಚ್ಚುಗೆ. ಆದರೆ ಪ್ರಮಾಣದ ಜಾಗದಲ್ಲಿ ‘ಅರ್ಧ ಡ್ರಾಪರ್, ರಾತ್ರಿ’ ಎಂದಷ್ಟೇ ಇತ್ತು. ಇದು ಸಣ್ಣ ತಪ್ಪಲ್ಲ.

ಬಾಟಲಿಯನ್ನು ಕೈಗೆ ತೆಗೆದುಕೊಂಡು ನೋಡಿ. ಕಂದು ಗಾಜು, 30 ಮಿಲೀ, ಮುಂದೆ ದಪ್ಪಕ್ಷರದಲ್ಲಿ ‘3000 ಮಿಗ್ರಾಂ’. ಲೆಕ್ಕ ಹಾಕಿದರೆ ಒಂದು ಮಿಲೀಗೆ 100 ಮಿಗ್ರಾಂ. ಆದರೆ ನೂರು ಮಿಗ್ರಾಂ ಏನು? ಪಕ್ಕದ ಸಣ್ಣಕ್ಷರ ಓದಿದರೆ ‘ವಿಜಯಾ ಪತ್ರ ಸಾರ’ ಎಂದಿರುತ್ತದೆ. ಅದು ಸಾರದ ತೂಕ. ಆ ಸಾರದೊಳಗೆ ಅಮಲು ತರುವ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಎನ್ನುವುದು ಮುಂದಿನ ಲೇಬಲ್‌ನಲ್ಲಿ ಇಲ್ಲ. ಎರಡು ಕಂಪನಿಗಳ 3000 ಮಿಗ್ರಾಂ ಬಾಟಲಿಗಳು ಒಂದೇ ಬಲದವು ಎಂದುಕೊಂಡು ಬದಲಾಯಿಸಿದವರು ಪೇಚಿಗೆ ಸಿಕ್ಕುವುದು ಇಲ್ಲಿಯೇ. ನಿಜವಾದ ಅಂಕಿ ಸಿಗುವುದು ಬ್ಯಾಚ್‌ನ ಲ್ಯಾಬ್ ವರದಿಯಲ್ಲಿ. ವರದಿಯ ಬ್ಯಾಚ್ ನಂಬರ್ ಮತ್ತು ಬಾಟಲಿಯ ಬ್ಯಾಚ್ ನಂಬರ್ ಒಂದೇ ಆಗಿರಬೇಕು. ಈ ಸೇವೆ ಕೇಳಿದ ಮೇಲೆ ವರದಿ ಕಳಿಸಿತು, ಆದರೆ ಅದು ಬೇರೆ ಬ್ಯಾಚಿನದು. ಮತ್ತೆ ಒತ್ತಾಯಿಸಿದಾಗ ಸರಿಯಾದದ್ದು ಬಂತು. ದುಡ್ಡು ಕಟ್ಟುವ ಮೊದಲೇ ಕೇಳಿ.

ವರದಿಯಲ್ಲಿ ಟಿಎಚ್‌ಸಿ ಒಂದು ಮಿಲೀಗೆ 25 ಮಿಗ್ರಾಂ ಎಂದಿದೆ ಎಂದುಕೊಳ್ಳಿ. ಹೊಸಬರು ಶುರು ಮಾಡಬೇಕಾದದ್ದು ಸುಮಾರು 2.5 ಮಿಗ್ರಾಂ, ಅಂದರೆ 0.1 ಮಿಲೀ. ಚೀಟಿಯ ‘ಅರ್ಧ ಡ್ರಾಪರ್’ 0.5 ಮಿಲೀ, ಅಂದರೆ 12.5 ಮಿಗ್ರಾಂ. ಐದು ಪಟ್ಟು! ಮೊದಲ ರಾತ್ರಿಯೇ ಎದೆ ಡವಡವ, ತಲೆ ಗಿರ್ರ್, ಬಾಯಿ ಒಣಗಿ, ಸಾಯುತ್ತೇನೇನೋ ಎಂಬ ಭಯ. ವಯಸ್ಸಾದವರು ಬಚ್ಚಲಿಗೆ ಎದ್ದು ಹೋಗುವಾಗ ಬಿಪಿ ಇಳಿದು ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಹನಿ ಎಣಿಸುವುದೂ ನಂಬಿಕೆಯ ಲೆಕ್ಕವಲ್ಲ. ಎಣ್ಣೆಯ ಹನಿಯ ಗಾತ್ರ ಡ್ರಾಪರ್‌ನಿಂದ ಡ್ರಾಪರ್‌ಗೆ ಬದಲಾಗುತ್ತದೆ. ಯಾವ ಮೆಡಿಕಲ್ ಸ್ಟೋರಿನಲ್ಲಾದರೂ ಸಿಗುವ 1 ಮಿಲೀ ಸಿರಿಂಜ್ ತಂದು, ಸೂಜಿ ಕಿತ್ತು ಬಿಸಾಡಿ, 0.1ರ ಗೆರೆಗೆ ಅಳೆದು ನಾಲಿಗೆ ಕೆಳಗೆ ಬಿಡಿ. ಒಂದು ನಿಮಿಷ ನುಂಗದೆ ಇಟ್ಟುಕೊಳ್ಳಿ.

ನಾಲಿಗೆ ಕೆಳಗೆ ಹೀರಿಕೊಂಡದ್ದು ಅರ್ಧ ಗಂಟೆಯ ಆಸುಪಾಸಿನಲ್ಲಿ ತಿಳಿಯುತ್ತದೆ. ಹೊಟ್ಟೆಗೆ ಇಳಿದದ್ದು ಒಂದರಿಂದ ಎರಡು ಗಂಟೆ ಹಿಡಿಯುತ್ತದೆ, ಆರೆಂಟು ಗಂಟೆ ಕಾಡುತ್ತದೆ. ಏನೂ ಆಗಲಿಲ್ಲವಲ್ಲ ಎಂದು ಅದೇ ರಾತ್ರಿ ಇನ್ನೊಂದು ಸಲ ಹಾಕಿಕೊಳ್ಳುವುದೇ ದೊಡ್ಡ ತಪ್ಪು. ಮೂರ್ನಾಲ್ಕು ರಾತ್ರಿ ಅದೇ ಪ್ರಮಾಣ, ಸಾಲದಿದ್ದರೆ ವೈದ್ಯರನ್ನು ಕೇಳಿ ಇನ್ನೊಂದು 0.1. ಊಟದ ಲೆಕ್ಕವೂ ಇದೆ: ಜಿಡ್ಡಿನ ಊಟದ ಜೊತೆ ಸಿಬಿಡಿ ರಕ್ತಕ್ಕೆ ಸೇರುವುದು ಖಾಲಿ ಹೊಟ್ಟೆಗಿಂತ ನಾಲ್ಕೈದು ಪಟ್ಟು ಹೆಚ್ಚು. ಸೋಮವಾರ ಬರೀ ಮುದ್ದೆ ಬಸ್ಸಾರು, ಭಾನುವಾರ ಮಟನ್ ಊಟ ಎಂದಾದರೆ ಅದೇ 0.1 ಮಿಲೀ ಎರಡು ಬೇರೆ ಔಷಧಿಯಂತೆ ವರ್ತಿಸುತ್ತದೆ. ಹೊತ್ತು, ಊಟ ಎರಡನ್ನೂ ಒಂದೇ ರೀತಿ ಇಟ್ಟುಕೊಳ್ಳಿ.

ಲೇಬಲ್‌ನಲ್ಲಿ ಇನ್ನೂ ಮೂರು ಸಂಗತಿ ಹುಡುಕಿ. ಆಯುರ್ವೇದ ತಯಾರಿಕಾ ಲೈಸೆನ್ಸ್ ನಂಬರ್. ಎಲೆಯ ಸಾರ ಎಂಬ ಸ್ಪಷ್ಟ ಮಾತು. ಹೂವಿನದೋ ಅಂಟಿನದೋ ಆಗಿದ್ದರೆ ಅದು ಗಾಂಜಾ ಇಲ್ಲವೇ ಚರಸ್, ಚೀಟಿ ನಿಮ್ಮನ್ನು ಕಾಪಾಡುವುದಿಲ್ಲ. ಮೂರನೆಯದು, ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ. ಔಷಧ ನಿಯಮಗಳ ಶೆಡ್ಯೂಲ್ ಇ(1) ವಿಷದ್ರವ್ಯಗಳ ಪಟ್ಟಿಯಲ್ಲಿ, ಬೀಜ ಬಿಟ್ಟು, ಭಂಗಿ ಇರುವುದರಿಂದ ಆ ಎಚ್ಚರಿಕೆ ಕಡ್ಡಾಯ. ಈ ಬಾಟಲಿಯಲ್ಲಿ ಮೂರೂ ಇದ್ದವು.

ಅಗ್ಗಕ್ಕೆ ಸಿಗುವ ‘ಹೆಂಪ್ ಸೀಡ್ ಆಯಿಲ್’ಗೂ ಇದಕ್ಕೂ ಸಂಬಂಧವಿಲ್ಲ. ಅದು ಬೀಜದ ಗಾಣದೆಣ್ಣೆ, 2021ರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಆಹಾರವೆಂದು ಒಪ್ಪಿರುವ ವಸ್ತು, ಟಿಎಚ್‌ಸಿ ಒಂದು ಕಿಲೋಗೆ 10 ಮಿಗ್ರಾಂ ಮೀರುವಂತಿಲ್ಲ. ಅಡುಗೆಗೆ ಒಳ್ಳೆಯದೇ, ನೋವಿಗೆ ಅದರಿಂದ ಏನೂ ಆಗದು. ಇನ್ನು ದೇವರಾಜ ಮಾರುಕಟ್ಟೆಯ ಸುತ್ತಿನ ಗ್ರಂಧಿಗೆ ಅಂಗಡಿಗಳಲ್ಲಿ ಭಂಗಿ ಸೊಪ್ಪು ಕೇಳಬೇಡಿ. ಭಂಗಿ ಎನ್‌ಡಿಪಿಎಸ್ ಕಾಯ್ದೆಯ ಗಾಂಜಾ ಅಲ್ಲ ಎಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದ್ದು ಒಂದು ಜಾಮೀನು ಅರ್ಜಿಯಲ್ಲಿ. ಅದನ್ನು ಹಿಡಿದು ಬಿಡಿ ಸೊಪ್ಪು ಇಟ್ಟುಕೊಂಡರೆ, ಅದರಲ್ಲಿ ಹೂವಿನ ತುದಿ ಸೇರಿಲ್ಲವೆಂದು ಸಾಬೀತು ಮಾಡುವ ಪಾಡು ನಿಮ್ಮದಾಗುತ್ತದೆ.

ಯಾರಿಗೆ ಉಪಯೋಗ? ಕೀಮೋದ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯು ಬಿಗಿತ, ನರದ ನೋವು, ಕೆಲವು ಕಠಿಣ ಮೂರ್ಛೆರೋಗ, ಇವಕ್ಕೆ ಗಾಂಜಾ ಗಿಡದ ಅಂಶಗಳಿಂದ ಅಷ್ಟಿಷ್ಟು ಪ್ರಯೋಜನವಿದೆ. ಮಕ್ಕಳ ಮೂರ್ಛೆಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು ಶುದ್ಧೀಕರಿಸಿದ ಸಿಬಿಡಿ. ಅದನ್ನು ಮಗುವಿನ ತೂಕಕ್ಕೆ ಲೆಕ್ಕ ಹಾಕಿ, ಲಿವರ್ ಪರೀಕ್ಷೆ ಮಾಡಿಸುತ್ತಾ ಕೊಡುತ್ತಾರೆ. ಟಿಎಚ್‌ಸಿ ಇರುವ ಈ ಬಾಟಲಿ ಅದಕ್ಕೆ ಬದಲಿ ಅಲ್ಲ, ಮಕ್ಕಳಿಗೆ ಹಾಕಲೇಬೇಡಿ. ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಯಾವ ಸೇವೆಯಾದರೂ ಜಾಹೀರಾತು ಕೊಟ್ಟರೆ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಡಿ ಅದೇ ಅಪರಾಧ. ಕೀಮೋ ನಿಲ್ಲಿಸಿ ಎಣ್ಣೆಗೆ ಕೂತವರ ಮನೆಯವರಿಗೆ ಕೈ ಮುಗಿದು ಹೇಳಬೇಕಾದ ಮಾತು: ನೋವು ತಡೆಯಲಾಗದಿದ್ದರೆ ಆಸ್ಪತ್ರೆಯ ಪ್ಯಾಲಿಯೇಟಿವ್ (ನೋವು ಶಮನದ) ವೈದ್ಯರನ್ನು ಮಾರ್ಫಿನ್ ಮಾತ್ರೆಯ ಬಗ್ಗೆ ಕೇಳಿ. ಎನ್‌ಡಿಪಿಎಸ್ ಕಾಯ್ದೆಯ 2014ರ ತಿದ್ದುಪಡಿಯ ನಂತರ ಅದನ್ನು ಆಸ್ಪತ್ರೆಗಳು ಇಟ್ಟುಕೊಳ್ಳುವ ದಾರಿ ಸುಲಭವಾಗಿದೆ, ಈ ಬಾಟಲಿಗಿಂತ ಅಗ್ಗವೂ ಹೌದು.

ಪಾರ್ಸೆಲ್ ವಿಷಯದಲ್ಲಿ ದೂರಿಲ್ಲ. ಮೈಸೂರಿನಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಮಳವಳ್ಳಿ, ನಾಗಮಂಗಲ ಕಡೆಯ ಹಳ್ಳಿಗಳವರು ಕೊರಿಯರ್ ಆಫೀಸಿಗೆ ಹೋಗಿ ತರಬೇಕಾಗಬಹುದು. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ, ಶಾಖಕ್ಕೆ ಸಾರ ಕೆಡುತ್ತದೆ. ಬಿಲ್ಲು, ಚೀಟಿಯ ಪ್ರಿಂಟು, ಬಾಟಲಿ ಮೂರೂ ಒಂದೇ ಚೀಲದಲ್ಲಿರಲಿ, ಮೂರರ ಮೇಲೂ ಒಂದೇ ಹೆಸರಿರಲಿ. ತೆಗೆದುಕೊಂಡ ರಾತ್ರಿ ಗಾಡಿ ಓಡಿಸಬೇಡಿ. ಮೂತ್ರ ಪರೀಕ್ಷೆ ಇರುವ ಕೆಲಸದವರು ಗಮನಿಸಿ: ದಿನಾ ಬಳಸಿದರೆ ನಿಲ್ಲಿಸಿದ ಮೇಲೂ ವಾರಗಟ್ಟಲೆ ಪಾಸಿಟಿವ್ ಬರುತ್ತದೆ, ಚೀಟಿ ಇದೆ ಎಂದರೆ ಯಂತ್ರಕ್ಕೆ ತಿಳಿಯುವುದಿಲ್ಲ. ದುಬೈ, ಸಿಂಗಪುರಕ್ಕೆ ಹೊರಟವರು ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಹೆಚ್ಚಾಗಿ ತೆಗೆದುಕೊಂಡುಬಿಟ್ಟರೆ ಮಲಗಿಸಿ, ಬೆಳಕು ತಗ್ಗಿಸಿ, ಜೊತೆಗೊಬ್ಬರು ಕೂತಿರಿ. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಎದೆನೋವು, ಎಚ್ಚರ ತಪ್ಪುವುದು, ಅಥವಾ ಮಗು ಕುಡಿದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ ಮತ್ತು ಬಾಟಲಿಯನ್ನೂ ಲ್ಯಾಬ್ ವರದಿಯನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.