ಡಾಯ್ಚ್‌ಲಾಂಡ್ ಟಿಕೆಟ್: ಮೊದಲ ತಿಂಗಳಿಂದ ಬಳಸುತ್ತಿರುವವರ ಅಭಿಪ್ರಾಯ

ನಮ್ಮ ಮನೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ, ನನ್ನ ಕಚೇರಿ ಮ್ಯೂನಿಕ್‌ನಲ್ಲಿ. ವಾರಕ್ಕೆ ಎರಡು ದಿನ, ಕೆಲವು ವಾರ ಮೂರು ದಿನ ಈ ಎರಡು ಊರುಗಳ ನಡುವೆ ಓಡಾಡುತ್ತೇನೆ. ತಿಂಗಳಿಗೊಮ್ಮೆಯಾದರೂ ವಿಮಾನ ಹತ್ತಿ ಬೇರೆ ದೇಶದ ಗ್ರಾಹಕರಲ್ಲಿಗೆ ಹೋಗಬೇಕಾಗುತ್ತದೆ. ಹೀಗೆ ಬದುಕುವವರನ್ನು ದಣಿಸುವುದು ದೂರದ ಪ್ರಯಾಣವಲ್ಲ, ಅದರ ಹಿಂದೆ ಮುಂದೆ ಅಂಟಿಕೊಂಡಿರುವ ಸಣ್ಣಪುಟ್ಟ ಕೆಲಸಗಳು: ಮಗಳನ್ನು ಶಾಲೆಯಿಂದ ಕರೆತರುವುದು, ಔಷಧಿ ಅಂಗಡಿ, ಮನೆಗೆ ಹಾಲು ಮೊಸರು. 2023ರ ಮೇ 1ರಂದು ಡಾಯ್ಚ್‌ಲಾಂಡ್ ಟಿಕೆಟ್ ಎಂಬ ದೇಶವ್ಯಾಪಿ ತಿಂಗಳ ಪಾಸು ಜಾರಿಗೆ ಬಂದ ತಿಂಗಳಿಂದಲೇ ನಾನು ಅದನ್ನು ಬಳಸುತ್ತಿದ್ದೇನೆ. ಇದು ಕಚೇರಿಯ ಪ್ರಯಾಣಕ್ಕೆ ಮಾಡಿದ ಉಪಕಾರಕ್ಕಿಂತ ಮನೆಯ ಬದುಕಿಗೆ ಮಾಡಿದ ಉಪಕಾರ ದೊಡ್ಡದು ಎಂಬುದು ನನ್ನ ಅನುಭವ.

ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ತಿಂಗಳಿಗೆ ಇಷ್ಟು ಎಂದು ಚಂದಾ ಕಟ್ಟಿದರೆ ಜರ್ಮನಿಯುದ್ದಕ್ಕೂ ಪ್ರಾದೇಶಿಕ ರೈಲು, ಎಸ್-ಬಾನ್ ಎಂಬ ಉಪನಗರ ರೈಲು, ಸುರಂಗ ರೈಲು, ಟ್ರಾಮ್, ಊರ ಬಸ್ಸು ಎಲ್ಲದರಲ್ಲೂ ಎರಡನೇ ದರ್ಜೆಯಲ್ಲಿ ಎಷ್ಟು ಸಲ ಬೇಕಾದರೂ ಓಡಾಡಬಹುದು. ಆರಂಭದಲ್ಲಿ 49 ಯೂರೋ ಇದ್ದ ಬೆಲೆ 2025ರ ಜನವರಿಯಲ್ಲಿ 58 ಆಯಿತು, 2026ರ ಜನವರಿಯಿಂದ 63 ಆಗಿದೆ. ಐಸಿಇ, ಐಸಿ, ಇಸಿಯಂಥ ದೂರದ ವೇಗದ ರೈಲುಗಳಿಗೆ ಇದು ನಡೆಯುವುದಿಲ್ಲ. ಗಡಿಯಾಚೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಮತ್ತು ಕುಫ್‌ಸ್ಟೈನ್ ನಿಲ್ದಾಣಗಳವರೆಗೆ ಪ್ರಾದೇಶಿಕ ರೈಲಿನಲ್ಲಿ ಹೋಗಬಹುದೆಂಬುದು ಹಲವರಿಗೆ ತಿಳಿದಿರುವುದಿಲ್ಲ.

ಈ ಟಿಕೆಟ್ ಬರುವ ಮೊದಲು ಪ್ರತಿಯೊಂದು ಊರಿಗೂ ಅದರದೇ ಲೆಕ್ಕವಿತ್ತು. ನ್ಯೂರೆಂಬರ್ಗ್ ಸುತ್ತಮುತ್ತ ವಿಜಿಎನ್ ಎಂಬ ಸಾರಿಗೆ ಒಕ್ಕೂಟದ ದರ ವಲಯಗಳು, ಮ್ಯೂನಿಕ್ ಸುತ್ತಮುತ್ತ ಎಂವಿವಿ ಎಂಬ ಒಕ್ಕೂಟದ ವಲಯಗಳು. ಮ್ಯೂನಿಕ್‌ನಲ್ಲಿ ಪಟ್ಟಿ ಪಟ್ಟಿಯಾಗಿ ಮುದ್ರಿಸಿದ ಉದ್ದನೆಯ ಕಾಗದದ ಟಿಕೆಟನ್ನು ಸರಿಯಾದ ಗೆರೆಗೆ ಮಡಚಿ, ಗೋಡೆಯ ಪೆಟ್ಟಿಗೆಯ ಬಾಯಿಗೆ ಕೊಟ್ಟು ಮುದ್ರೆ ಒತ್ತಿಸಿಕೊಳ್ಳಬೇಕಿತ್ತು. ಎಷ್ಟು ಪಟ್ಟಿ ಮಡಚಬೇಕೆಂದು ನಾನು ಲೆಕ್ಕ ಹಾಕುತ್ತಾ ನಿಂತಿರುವಾಗಲೇ ರೈಲು ಹೊರಟುಹೋದ ಬೆಳಗುಗಳು ನನಗೆ ಇಂದಿಗೂ ನೆನಪಿವೆ. ಬವೇರಿಯಾ ರಾಜ್ಯದೊಳಗೆ ಒಂದು ದಿನ ಓಡಾಡಲು ಬಾಯರ್ನ್ ಟಿಕೆಟ್ ಇದೆ, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೊದಲು ಅದು ನಡೆಯುವುದಿಲ್ಲ. ಕೆಲಸಕ್ಕೆ ಹೋಗುವವರಿಗೆ ಅದರಿಂದ ಏನು ಪ್ರಯೋಜನ? ಈಗ ಯಾವ ಊರಿನಲ್ಲಿ ಇಳಿದರೂ ಎದುರಿಗೆ ಬಂದ ಬಸ್ಸನ್ನು ಹತ್ತುತ್ತೇನೆ, ಅಷ್ಟೆ. ಯೋಚಿಸಬೇಕಾದ ಒಂದು ವಿಷಯ ತಲೆಯಿಂದ ಇಳಿದುಹೋಗುವುದು ಎಂಥ ನೆಮ್ಮದಿ ಎಂಬುದು ಪರಭಾಷೆಯಲ್ಲಿ ದಿನವಿಡೀ ದುಡಿದು ಬರುವವರಿಗೆ ಗೊತ್ತು.

ನನ್ನ ಮಾರ್ಗದ ಅದೃಷ್ಟವನ್ನು ಇಲ್ಲಿ ಹೇಳಲೇಬೇಕು. ನ್ಯೂರೆಂಬರ್ಗ್‌ನಿಂದ ಇಂಗೋಲ್‌ಸ್ಟಾಟ್ ಮೂಲಕ ಮ್ಯೂನಿಕ್‌ಗೆ ಹೋಗುವ ಆರ್‌ಇ1 ರೈಲು ಪ್ರಾದೇಶಿಕ ರೈಲೇ ಆದರೂ 2006ರಲ್ಲಿ ತೆರೆದ ವೇಗದ ಹಳಿಯ ಮೇಲೆ ಗಂಟೆಗೆ ಸುಮಾರು 190 ಕಿಲೋಮೀಟರ್‌ವರೆಗೆ ಓಡುತ್ತದೆ. ಐಸಿಇ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ತೆಗೆದುಕೊಂಡರೆ ಇದಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಬೇಕು. ಬೆಳಿಗ್ಗೆ ಸಭೆಯಿದ್ದರೆ ಕಂಪನಿಯ ಖರ್ಚಿನಲ್ಲಿ ಐಸಿಇ ಹಿಡಿಯುತ್ತೇನೆ. ಸಂಜೆ ಆರ್‌ಇ1ರ ಮೇಲಂತಸ್ತಿನಲ್ಲಿ ಕಿಟಕಿಯ ಪಕ್ಕ ಕುಳಿತು ಇಂಗೋಲ್‌ಸ್ಟಾಟ್‌ವರೆಗೆ ಉಳಿದ ಮಿಂಚಂಚೆಗಳಿಗೆ ಉತ್ತರ ಬರೆದು, ಆಮೇಲೆ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತೇನೆ. ಎಲ್ಲ ಮಾರ್ಗಗಳಿಗೂ ಇಂಥ ರೈಲಿಲ್ಲ. ಬೇರೆ ಊರಿನ ಸ್ನೇಹಿತರು ನನ್ನ ಮಾತು ನಂಬಿ ಚಂದಾ ಕಟ್ಟುವ ಮೊದಲು ತಮ್ಮ ಮಾರ್ಗದ ವೇಳಾಪಟ್ಟಿಯನ್ನು ಒಮ್ಮೆ ನೋಡಬೇಕು.

ಸಂಜೆಯ ಈ ಲೆಕ್ಕಾಚಾರಕ್ಕೆ ಇನ್ನೊಂದು ಕಾರಣವೂ ಇದೆ. ಬವೇರಿಯಾದಲ್ಲಿ ಸಾಮಾನ್ಯವಾಗಿ ಅಂಗಡಿಗಳು ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ನಮ್ಮೂರಿನಲ್ಲಿ ರಾತ್ರಿ ಹತ್ತಕ್ಕೂ ಮೂಲೆಯಂಗಡಿಗೆ ಹೋಗಿ ಹಾಲಿನ ಪ್ಯಾಕೆಟ್ ತರುತ್ತಿದ್ದವರಿಗೆ ಇದು ಬೇಗ ಒಗ್ಗುವ ಪದ್ಧತಿಯಲ್ಲ. ತಡವಾಗಿ ಬಂದಿಳಿದ ದಿನ ಹೊತ್ತು ಮೀರಿಯೂ ತೆರೆದಿರುವ ರೈಲು ನಿಲ್ದಾಣದ ಅಂಗಡಿಯೇ ಗತಿ. ಟಿಕೆಟ್ ಮೊದಲೇ ಜೇಬಿನಲ್ಲಿದೆ ಎಂಬ ಧೈರ್ಯದಿಂದ ಎರಡು ನಿಲ್ದಾಣ ಹಿಂದಕ್ಕೆ ಹೋಗಿ ಮೊಸರು ತಂದ ರಾತ್ರಿಗಳಿವೆ. ಹಣ ಕೊಟ್ಟು ಬೇರೆ ಟಿಕೆಟ್ ತೆಗೆಯಬೇಕಾಗಿದ್ದರೆ ನಾಳೆ ನೋಡಿಕೊಳ್ಳೋಣ ಎಂದು ಸುಮ್ಮನಾಗುತ್ತಿದ್ದೆ.

ಕುಂದುಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯದು, ರೈಲು ತಡವಾದಾಗ ಈ ಟಿಕೆಟ್ ಇಟ್ಟುಕೊಂಡವರ ಹಕ್ಕು ಬಹಳ ಸಣ್ಣದು. ಬೇರೆ ಟಿಕೆಟಿನವರಂತೆ ತಡವಾದ ರೈಲನ್ನು ಬಿಟ್ಟು ಐಸಿಇ ಹತ್ತುವಂತಿಲ್ಲ. ಒಂದು ಗಂಟೆ ಅಥವಾ ಹೆಚ್ಚು ತಡವಾದರೆ ಸಿಗುವ ಪರಿಹಾರ ಒಂದೂವರೆ ಯೂರೋ. ಅದೂ ನಾಲ್ಕು ಯೂರೋ ಮುಟ್ಟುವವರೆಗೆ ಕೈಗೆ ಬರುವುದಿಲ್ಲ, ಹಾಗಾಗಿ ಅರ್ಜಿಗಳನ್ನು ಕೂಡಿಟ್ಟುಕೊಳ್ಳಬೇಕು. ವಿಮಾನ ಹಿಡಿಯಬೇಕಾದ ದಿನ ನಾನು ಈ ಟಿಕೆಟೊಂದನ್ನೇ ನಂಬಿ ದೂರದ ನಿಲ್ದಾಣಕ್ಕೆ ಹೊರಡುವುದಿಲ್ಲ.

ಎರಡನೆಯದು ನನಗೆ ನಿಜವಾಗಿಯೂ ನೋವು ತಂದ ಸಂಗತಿ. ನಾನು ಆಗ ಚಂದಾ ಕಟ್ಟುತ್ತಿದ್ದ ಸಂಸ್ಥೆಯ ಆ್ಯಪ್, ತಿಂಗಳ ಮೊದಲ ದಿನ ಅಂತರ್ಜಾಲದಿಂದ ಹೊಸ ಟಿಕೆಟನ್ನು ಇಳಿಸಿಕೊಂಡರೆ ಮಾತ್ರ ಅದನ್ನು ತೋರಿಸುತ್ತಿತ್ತು. ಪ್ರಾದೇಶಿಕ ರೈಲೊಂದರಲ್ಲಿ, ಸಿಗ್ನಲ್ ಸಿಗದ ಕಾಡಿನ ನಡುವೆ, ಟಿಕೆಟ್ ಪರೀಕ್ಷಕರು ಬಂದು ನಿಂತಾಗ ನನ್ನ ಪರದೆಯ ಮೇಲೆ ಹಿಂದಿನ ತಿಂಗಳ ಟಿಕೆಟ್ ಮಾತ್ರ ಇತ್ತು. ಹಣ ಕಟ್ಟಿದ್ದೇನೆಂದು ವಿವರಿಸಲು ಹೊರಟೆ, ಆ ಹೊತ್ತಿಗೆ ಜರ್ಮನ್ ಪದಗಳೇ ಒದಗಲಿಲ್ಲ. 60 ಯೂರೋ ದಂಡದ ಚೀಟಿ ಕೈಗೆ ಬಂತು. ಎದುರು ಸೀಟಿನಲ್ಲಿದ್ದ ಮಗಳು ಅದನ್ನು ನೋಡುತ್ತಿದ್ದಳು. ಮರುದಿನ ಟಿಕೆಟ್ ತೋರಿಸಿದ ಮೇಲೆ ದಂಡ ಏಳು ಯೂರೋಗೆ ಇಳಿಯಿತು, ನಿಯಮವೇ ಹಾಗಿದೆ. ಅಂದಿನಿಂದ ಪ್ರತಿ ತಿಂಗಳ ಒಂದನೇ ತಾರೀಖು ಮನೆಯ ವೈ-ಫೈ ಇರುವಾಗಲೇ ಆ್ಯಪ್ ತೆರೆದು ನೋಡಿ ಹೊರಡುತ್ತೇನೆ. ನೀವೂ ಹಾಗೆಯೇ ಮಾಡಿ.

ಆರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ಅದಕ್ಕಿಂತ ದೊಡ್ಡವರಿಗೆ ಬೇರೆಯೇ ತೆಗೆಯಬೇಕು. ಕೆಲಸ ಮಾಡುವ ಕಂಪನಿಯಲ್ಲಿ ಜಾಬ್‌ಟಿಕೆಟ್, ಅಂದರೆ ಕಂಪನಿಯೂ ಪಾಲು ಕೊಡುವ ಇದೇ ಟಿಕೆಟ್, ಇದೆಯೇ ಎಂದು ತಪ್ಪದೆ ವಿಚಾರಿಸಿ. ಕಂಪನಿ ಕನಿಷ್ಠ ಶೇ 25ರಷ್ಟು ಭರಿಸಿದರೆ ಇನ್ನೂ ಶೇ 5ರ ರಿಯಾಯಿತಿ ಸೇರಿ, ನಮ್ಮ ಪಾಲಿಗೆ ಹೆಚ್ಚೆಂದರೆ 44.10 ಯೂರೋ ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಹಾಸನದಿಂದ ಅಮ್ಮ ಬಂದಿದ್ದರು. ಪ್ರವಾಸಿ ವೀಸಾದಲ್ಲಿ ಇರಬಹುದಾದದ್ದು 90 ದಿನ. ಅವರ ಹೆಸರಿನಲ್ಲೇ ಮೂರು ತಿಂಗಳ ಟಿಕೆಟ್ ಮಾಡಿಸಿದೆ. ನಾನು ಮ್ಯೂನಿಕ್‌ಗೆ ಹೋದ ದಿನಗಳಲ್ಲಿ ಅವರು ಮನೆಯೊಳಗೇ ಕೂತಿರಬೇಕಾಗುತ್ತದಲ್ಲ ಎಂಬ ಚಿಂತೆ ನನ್ನನ್ನು ಕಾಡುತ್ತಿತ್ತು. ನ್ಯೂರೆಂಬರ್ಗ್‌ನ ಯು2 ಸುರಂಗ ರೈಲಿಗೆ ಚಾಲಕರಿಲ್ಲ, ಮುಂದಿನ ಗಾಜಿನ ಹಿಂದೆಯೇ ಪ್ರಯಾಣಿಕರು ಕುಳಿತುಕೊಳ್ಳಬಹುದು. ಎರಡನೇ ವಾರದಿಂದ ಅಮ್ಮ ಒಬ್ಬರೇ ಆ ಮೊದಲ ಸೀಟಿನಲ್ಲಿ ಕುಳಿತು ವಿಮಾನ ನಿಲ್ದಾಣದವರೆಗೆ ಹೋಗಿ, ಅದೇ ರೈಲಿನಲ್ಲಿ ವಾಪಸು ಬಂದು, ದಾರಿಯಲ್ಲಿಳಿದು ಸೊಪ್ಪು ತರುತ್ತಿದ್ದರು. ಯಂತ್ರದ ಮುಂದೆ ನಿಂತು ಗುಂಡಿ ಒತ್ತಬೇಕಾದ ಭಯ ಅವರಿಗಿರಲಿಲ್ಲ. ತಂದೆ ತಾಯಿಯರಿಗೆ ಹೀಗೆ ಟಿಕೆಟ್ ಮಾಡಿಸುವವರು ಗಮನದಲ್ಲಿಡಬೇಕಾದದ್ದು ಒಂದಿದೆ: ಚಂದಾ ತಾನಾಗಿ ನಿಲ್ಲುವುದಿಲ್ಲ, ಕೊನೆಯ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಅವರು ಊರು ಸೇರಿದ ಮೇಲೂ ಮುಂದಿನ ತಿಂಗಳ ಹಣ ಖಾತೆಯಿಂದ ಹೋಗುತ್ತದೆ.