ಸಿಗ್ನಲ್ ಸಿಗದ ಗುಡ್ಡದಲ್ಲಿ ರಿಸೀವರ್ ಫರ್ಮ್‌ವೇರ್: ವೆಬ್ ಆಪ್, ಆಂಡ್ರಾಯ್ಡ್ ಆಪ್, ಓಟಿಜಿ ಕೇಬಲ್

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಡ್ರೋನ್ ಹಾರಿಸಲು ಮುರಕಲ್ಲಿನ ಪದವಿನಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಮರ ಕಡಿಮೆ, ಕಣ್ಣು ಹಾಯುವಷ್ಟು ಬಯಲು. ಆದರೆ ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಮೊಬೈಲ್ ಡೇಟಾ ನಂಬಿ ಹೊರಡುವಂತಿಲ್ಲ. ಕೈಯಲ್ಲಿರುವ ರೇಡಿಯೊ (ರಿಮೋಟ್) ಮತ್ತು ಡ್ರೋನ್‌ನಲ್ಲಿರುವ ರಿಸೀವರ್ ನಡುವೆ ಸಂಪರ್ಕ ಕಟ್ಟುವ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನಲ್ಲಿ ರೇಡಿಯೊದ ಫರ್ಮ್‌ವೇರ್ (ಒಳಗಿನ ತಂತ್ರಾಂಶ) 3ನೇ ಆವೃತ್ತಿ, ರಿಸೀವರ್‌ನದು 2ನೆಯದು ಎಂದಾದರೆ ಲಿಂಕ್ ಆಗುವುದೇ ಇಲ್ಲ. ಅಲ್ಲಿಯೇ ಫೋನಿನಿಂದ ಸರಿಪಡಿಸಲು ಆಪ್ ಕಟ್ಟುವವರ ಮುಂದೆ ಮೂರು ದಾರಿಗಳಿವೆ. ಮೂರನ್ನೂ ಪ್ರಯೋಗಿಸಿ ನೋಡಿದ ಮೇಲಿನ ಮಾತು ಇದು.

ವೆಬ್ ಆಪ್ ಕಟ್ಟುವುದು ಸುಲಭ. ಸರ್ವಿಸ್ ವರ್ಕರ್ (ಪುಟವನ್ನು ಫೋನಿನಲ್ಲೇ ಉಳಿಸಿಡುವ ಹಿನ್ನೆಲೆ ಕೋಡ್) ಇದ್ದರೆ ನೆಟ್ ಇಲ್ಲದೆಯೂ ತೆರೆಯುತ್ತದೆ. ಆದರೆ ಕೊನೆಯ ಹೆಜ್ಜೆಯಲ್ಲಿ ಎಡವುತ್ತದೆ: ಸರ್ವಿಸ್ ವರ್ಕರ್‌ಗೆ ಎಚ್‌ಟಿಟಿಪಿಎಸ್ ಬೇಕೇ ಬೇಕು, ರಿಸೀವರ್ ತನ್ನ ವೈಫೈಯಲ್ಲಿ ತೋರಿಸುವ ಪುಟ 10.0.0.1 ಇರುವುದು ಬರೀ ಎಚ್‌ಟಿಟಿಪಿಯಲ್ಲಿ. ಸುರಕ್ಷಿತ ಪುಟದಿಂದ ಅಲ್ಲಿಗೆ ಫೈಲ್ ಕಳಿಸಲು ಬ್ರೌಸರ್ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ವೆಬ್ ಆಪ್ ಫೈಲ್ ಸಿದ್ಧಮಾಡಿ ಡೌನ್‌ಲೋಡ್ಸ್‌ಗೆ ಹಾಕಬೇಕು, ಬಳಸುವವರು ಬೇರೆ ಟ್ಯಾಬ್‌ನಲ್ಲಿ 10.0.0.1 ತೆರೆದು ಕೈಯಾರೆ ಏರಿಸಬೇಕು. ಐಫೋನ್ ಇರುವವರಿಗೆ ಇಷ್ಟಾದರೂ ಉಪಕಾರವೇ. ಅವರು ಆಪನ್ನು ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಏಳು ದಿನ ಮುಟ್ಟದ ಸಂಗ್ರಹವನ್ನು ಸಫಾರಿ ಅಳಿಸಿಬಿಡಬಹುದು.

ನಮ್ಮ ಆಯ್ಕೆ ಆಂಡ್ರಾಯ್ಡ್ ಆಪ್, ವೈಫೈ ಮೂಲಕ. ರೇಡಿಯೊ ಆಫ್ ಇಟ್ಟು ರಿಸೀವರ್‌ಗೆ ಕರೆಂಟ್ ಕೊಡಿ. ಎಲ್‌ಇಡಿ ಮೊದಲು ನಿಧಾನ ಮಿನುಗುತ್ತದೆ. 60 ಸೆಕೆಂಡ್ ಕಳೆದು ಚಕಚಕ ಮಿನುಗಲು ಶುರುವಾಯಿತೆಂದರೆ ವೈಫೈ ಎದ್ದಿದೆ. ಮನೆಯ ವೈಫೈ ಹೆಸರು ಅದರಲ್ಲಿ ಇಲ್ಲದಿದ್ದರೆ, ಅಥವಾ ಆ ವೈಫೈ ಹತ್ತಿರ ಇಲ್ಲದಿದ್ದರೆ, ತಾನೇ ಹಾಟ್‌ಸ್ಪಾಟ್ ಆಗುತ್ತದೆ. ಪಾಸ್‌ವರ್ಡ್ ‘ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್’, ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗವಿಲ್ಲದೆ.

ಇಲ್ಲಿ ಹೆಚ್ಚಿನವರು ಸೋಲುವುದು ಎರಡು ಕಡೆ. ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಎಂದು ಕಂಡೊಡನೆ ಆಂಡ್ರಾಯ್ಡ್ ಮನವಿಯನ್ನು ಮೊಬೈಲ್ ಡೇಟಾ ಕಡೆಗೆ ತಿರುಗಿಸುತ್ತದೆ. ಫೋನ್ ‘ಕನೆಕ್ಟೆಡ್’ ಎಂದರೂ ಪುಟ ಬರುವುದಿಲ್ಲ. ಆಂಡ್ರಾಯ್ಡ್ 10ರಿಂದ ಇರುವ ವೈಫೈ ನೆಟ್‌ವರ್ಕ್ ಸ್ಪೆಸಿಫೈಯರ್ (ಇಂಥದೇ ವೈಫೈ ಬೇಕೆಂದು ಆಪ್ ಕೇಳುವ ಸೌಲಭ್ಯ) ಬಳಸಿ, ಆ ಮನವಿಯಿಂದ ಇಂಟರ್ನೆಟ್ ಬೇಕೆಂಬ ಷರತ್ತು ತೆಗೆದು, ಸಿಕ್ಕ ನೆಟ್‌ವರ್ಕ್‌ಗೇ ಆಪನ್ನು ಕಟ್ಟಿಹಾಕಬೇಕು. ಎರಡನೆಯದು, ಆಂಡ್ರಾಯ್ಡ್ 9ರಿಂದ ಬರೀ ಎಚ್‌ಟಿಟಿಪಿಗೆ ತಡೆ ಇದೆ. ನೆಟ್‌ವರ್ಕ್ ಸೆಕ್ಯುರಿಟಿ ಕಡತದಲ್ಲಿ 10.0.0.1ಕ್ಕೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕು, ಎಲ್ಲದಕ್ಕೂ ಬಾಗಿಲು ತೆರೆಯಬೇಡಿ.

ಫೈಲ್ ಸಿದ್ಧಪಡಿಸುವುದಕ್ಕೂ ನೆಟ್ ಬೇಡ. 3ನೇ ಆವೃತ್ತಿಯಿಂದ ಒಂದೇ ಬಗೆಯ ಚಿಪ್ ಮತ್ತು ಒಂದೇ ತರಂಗಾಂತರದ ರಿಸೀವರ್‌ಗಳಿಗೆ ಒಂದೇ ಮೂಲ ಬಿನ್ (ಫರ್ಮ್‌ವೇರ್ ಫೈಲ್). ಅದರ ಬಾಲಕ್ಕೆ ಮಾಡೆಲ್ ಹೆಸರು, ಆಯ್ಕೆಗಳು, ಪಿನ್‌ಗಳ ವಿವರ ಅಂಟಿಸಿದರೆ ಆಯಿತು. ಬೈಂಡಿಂಗ್ ಫ್ರೇಸ್ (ರೇಡಿಯೊ, ರಿಸೀವರ್ ಎರಡನ್ನೂ ಜೋಡಿಸುವ ಗುಟ್ಟಿನ ಪದ) ಅನ್ನು ಹಾಗೇ ಎಂಡಿ5 ಹ್ಯಾಶ್ (ಪಠ್ಯವನ್ನು ನಿಗದಿತ ಉದ್ದದ ಸಂಖ್ಯೆಯಾಗಿಸುವ ಲೆಕ್ಕ) ಮಾಡಿದರೆ ತಪ್ಪುತ್ತದೆ: ಮೂಲ ಕೋಡಿನಲ್ಲಿರುವ ಬಿಲ್ಡ್ ಸಾಲಿನ ರೂಪದಲ್ಲೇ, ಉದ್ಧರಣ ಚಿಹ್ನೆ ಸಮೇತ ಹ್ಯಾಶ್ ಮಾಡಿ ಮೊದಲ 6 ಬೈಟ್ ತೆಗೆದುಕೊಳ್ಳಬೇಕು. ಹಲವು ರಿಸೀವರ್‌ಗಳಲ್ಲಿರುವ ಇಎಸ್‌ಪಿ8285 ಚಿಪ್‌ನಲ್ಲಿರುವುದು 1 ಎಂಬಿ ಫ್ಲ್ಯಾಶ್ ಮಾತ್ರ, ಅದಕ್ಕೆ ಫೈಲನ್ನು ಕೊನೆಯಲ್ಲಿ ಜಿಜಿಪ್ ಮಾಡಿ (ಕುಗ್ಗಿಸಿ) ಕಳಿಸಿ. ರಿಸೀವರ್ ‘ಟಾರ್ಗೆಟ್ ಮಿಸ್‌ಮ್ಯಾಚ್’ (ಈ ಫೈಲ್ ನನ್ನ ಮಾಡೆಲ್‌ನದಲ್ಲ) ಎಂದರೆ ಅದನ್ನು ದಾಟಿ ಹೋಗುವ ಬಟನ್ ಸುಲಭಕ್ಕೆ ಕೈಗೆ ಸಿಗಬಾರದು. ತಪ್ಪು ಪಿನ್ ವಿವರ ಹೋದರೆ ವೈಫೈ ಕೂಡ ಏಳದಿರಬಹುದು. ಫೈಲ್ ಏರಿದ ಮೇಲೂ ಎಲ್‌ಇಡಿ ಮತ್ತೆ ಮಿನುಗುವ ತನಕ ಬ್ಯಾಟರಿ ಕೀಳಬೇಡಿ.

ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಓಟಿಜಿ ಕೇಬಲ್ ದಾರಿಯಲ್ಲಿ ಫ್ಲೈಟ್ ಕಂಟ್ರೋಲರ್‌ನ (ಡ್ರೋನ್ ನಡೆಸುವ ಬೋರ್ಡ್) ತಂತ್ರಾಂಶವಾದ ಬೀಟಾಫ್ಲೈಟ್ ಮೂಲಕ 420000 ಬಾಡ್ ವೇಗದಲ್ಲಿ ರಿಸೀವರ್ ತಲುಪಬೇಕು. ವೈಫೈ ಗೋಳಿಲ್ಲ. ಆದರೆ ಹಲವು ಬೋರ್ಡ್‌ಗಳು ಯುಎಸ್‌ಬಿಯಿಂದ ರಿಸೀವರ್‌ಗೆ 5 ವೋಲ್ಟ್ ಕೊಡುವುದಿಲ್ಲ. ಬ್ಯಾಟರಿ ಹಾಕಿದರೆ ವಿಡಿಯೊ ಟ್ರಾನ್ಸ್‌ಮಿಟರ್ ಗಾಳಿಯಿಲ್ಲದೆ ಬಿಸಿಯಾಗುತ್ತದೆ. ಪ್ರೊಪೆಲ್ಲರ್ ಬಿಚ್ಚಿಡಿ, ಬೇಗ ಮುಗಿಸಿ. ದಿನನಿತ್ಯಕ್ಕೆ ಇದು ಬೇಡ. ವೈಫೈ ಏಳದೇ ಹೋದ ರಿಸೀವರ್‌ಗೆ ಮಾತ್ರ ಕೇಬಲ್ಲೇ ಗತಿ: ರಿಸೀವರ್‌ನ ಬೂಟ್ ಪ್ಯಾಡನ್ನು (‘ಬೂಟ್’ ಎಂಬ ಬೆಸುಗೆ ಬಿಂದು) ಗ್ರೌಂಡ್‌ಗೆ ಮುಟ್ಟಿಸಿ ಹಿಡಿದು ಕರೆಂಟ್ ಕೊಟ್ಟು, ಸೀರಿಯಲ್‌ನಲ್ಲಿ ಮೊದಲಿಂದ ಬರೆಯಬೇಕು. ಆಪ್‌ನಲ್ಲಿ ಈ ಒಂದು ಕೆಲಸಕ್ಕಾಗಿಯಾದರೂ ಯುಎಸ್‌ಬಿ ಸೀರಿಯಲ್ ಸೇರಿಸಿಡಿ.